ಸೂಜಿ ಎಲೆಯ ಬೀರು, ಅವ್ವನ ಮೂಗು

ನಮ್ಮ ಮನೆಯ ದೇವರ ಗೂಡಿನ ಪಕ್ಕದ ಕಿಟಕಿಯಲ್ಲಿ ಒಂದು ಖಾಲಿ ಬೀರು ಬಾಟಲಿ ಇದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅವರು ಅದನ್ನು ನೋಡುತ್ತಾರೆ, ನೋಡದವರ ಹಾಗೆ ಕೂತು ಚಹಾ ಕುಡಿಯುತ್ತಾರೆ, ನಮ್ಮ ಓಣಿಯ ತಿರುವು ದಾಟುವವರೆಗೆ ಹೇಗೋ ತಡೆದುಕೊಂಡಿದ್ದು ಆಮೇಲೆ ಮಾತಾಡಿಕೊಳ್ಳುತ್ತಾರೆ. ಅವರದೂ ತಪ್ಪಲ್ಲ. ಹಣೆ ತುಂಬ ವಿಭೂತಿ ಹಚ್ಚುವ ಮನೆ ನಮ್ಮದು. ಮಲಪನಗುಡಿಯಲ್ಲಿ ಯಾರನ್ನು ಕೇಳಿದರೂ, "ಗೈಡ್ ಈರೇಶಿ ಮನೀ ಏನ್ರಿ? ಅವರು ಕೆಮ್ಮಿನ ಔಷಧಿ ಸೈತ ಮೂಸಿ ನೋಡಿ ಕುಡಿಯೋ ಮಂದಿ" ಅನ್ನುತ್ತಾರೆ. ಅಂಥ ಮನೆಯಲ್ಲಿ ಬೀರು ಬಾಟಲಿ, ಅದೂ ದೇವರ ಪಕ್ಕ.

"ಮನಿಪ್ಲಾಂಟ್ ಹಾಕಾಕ ಇಟ್ಟೀರೇನು?" ಎಂದು ಮೊನ್ನೆ ನೆಂಟರೊಬ್ಬರು ಕರುಣೆಯಿಂದ ದಾರಿ ತೋರಿಸಿದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಹಂಪಿಯಲ್ಲಿ ಮೂವತ್ತೈದು ವರ್ಷ ಗೈಡ್ ಕೆಲಸ ಮಾಡಿದವನು. ಸುಳ್ಳು ಹೇಳಿ ಹೇಳಿ ಬಾಯಿ ದಣಿದಿದೆ. ಮನೆಯಲ್ಲಾದರೂ ಸ್ವಲ್ಪ ನಿಜ ಹೇಳೋಣ ಅಂತ ಈ ಬರಹ.

ಗೈಡ್ ಕೆಲಸಕ್ಕೆ ಒಂದೇ ನಿಯಮ: ಗೊತ್ತಿಲ್ಲ ಅನ್ನಬಾರದು. ನಮ್ಮೂರ ಹಳೆಯ ಮೆಟ್ಟಿಲು ಬಾವಿಗೆ ಜನರನ್ನು ಕರೆದುಕೊಂಡು ಹೋದಾಗ, ಎಷ್ಟು ಆಳ ಇದೆ ಅಂತ ಕೇಳಿದವರ ಮುಖ ನೋಡಿ ನಾನು ಆಳ ಹೇಳುತ್ತೇನೆ. ಹೆದರುವ ಮುಖವಾದರೆ ಕಡಿಮೆ, ಫೋಟೋ ತೆಗೆಯುವ ಮುಖವಾದರೆ ಜಾಸ್ತಿ. ಒಂದೇ ಕಂಬಕ್ಕೆ ಬೆಳಿಗ್ಗೆ ಒಂದು ಕತೆ, ಮಧ್ಯಾಹ್ನ ಒಂದು ಕತೆ. ಬಿಸಿಲು ಏರಿದಂತೆ ಕತೆ ಸಣ್ಣದಾಗುತ್ತದೆ. ಹೀಗೆ ಯಾವ ಕಲ್ಲಿನ ಬಗ್ಗೆಯೂ ಎರಡು ಮಾತು ಹೇಳಬಲ್ಲವನು ಎಂಬ ಖ್ಯಾತಿಯೇ ನನ್ನನ್ನು ಬೀರಿನ ಬಾಯಿಗೆ ನೂಕಿತು.

ಅದಕ್ಕೆ ಮುಂಚೆ ನಮ್ಮ ಅವ್ವನ ಮೂಗಿನ ವಿಷಯ ಹೇಳಬೇಕು. ಅದಿಲ್ಲದೆ ಈ ಕತೆಗೆ ಬುಡವಿಲ್ಲ.

ಅವ್ವನಿಗೆ ಈಗ ಎಂಬತ್ತಾರು. ಕಣ್ಣು ಮಂಜಾಗಿವೆ, ಕಿವಿ ತನಗೆ ಬೇಕಾದಷ್ಟೇ ಕೇಳುತ್ತವೆ. ಮೂಗು ಮಾತ್ರ ಹದಿನೆಂಟರ ಹರೆಯದಲ್ಲಿದೆ. ಪಕ್ಕದ ಮನೆಯಲ್ಲಿ ಸಾರಿಗೆ ಇಂಗು ಬಿದ್ದಿತೋ ಇಲ್ಲವೋ ಅನ್ನುವುದನ್ನು ನಮ್ಮ ಕಟ್ಟೆಯ ಮೇಲೆ ಕೂತು ಹೇಳುತ್ತಾಳೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಆ ಕಟ್ಟೆಯ ಮೇಲೆ ಕೂರುತ್ತಾಳೆ. ಹೊರಗಿನಿಂದ ಬಂದ ಗಂಡಸು ಕಾಲು ತೊಳೆದು ಅವಳ ಮುಂದೆ ಬಗ್ಗಿ ಬಾಯಿ ತೆರೆದು "ಹಾ" ಅನ್ನಬೇಕು. ಅವಳು ಮೂಸುತ್ತಾಳೆ. ಎಲ್ಲ ಸರಿ ಇದ್ದರೆ "ಹ್ಞೂಂ, ಒಳಗ ನಡಿ" ಅನ್ನುತ್ತಾಳೆ. ಅದೇ ನಮ್ಮ ಮನೆಯ ಪಾಸ್‌ಪೋರ್ಟು.

ನಗಬೇಡಿ. ನನಗೆ ಅರವತ್ತು ವರ್ಷ. ಬೆಳಿಗ್ಗೆ ಪರದೇಶದ ಪ್ರೊಫೆಸರುಗಳಿಗೆ ಇತಿಹಾಸ ಹೇಳಿ ಸಂಜೆ ಮನೆಗೆ ಬಂದು "ಹಾ" ಅನ್ನುತ್ತೇನೆ. ನನ್ನ ಮಗಳನ್ನು ನೋಡಲು ಬಂದ ಬೀಗರಿಂದಲೂ ಅವ್ವ "ಹಾ" ಅನ್ನಿಸಿದ್ದಾಳೆ. ಹುಡುಗನಿಂದ ಮಾತ್ರವಲ್ಲ, ಹುಡುಗನ ಅಪ್ಪನಿಂದಲೂ. ಗ್ಯಾಸ್ ಸಿಲಿಂಡರ್ ತಂದವನೊಬ್ಬ, ಇದೇನೋ ಹಲ್ಲಿನ ಡಾಕ್ಟರಮ್ಮನ ಮನೆ ಅಂದುಕೊಂಡು, ತಾನಾಗಿಯೇ ದವಡೆಯ ಹಲ್ಲು ನೋವನ್ನೂ ಹೇಳಿಕೊಂಡು ಹೋದ.

ಈ ಪದ್ಧತಿ ಶುರುವಾದದ್ದು ಕಂಪ್ಲಿಯಲ್ಲಿ. ಅದು ಅವ್ವನ ತವರು. ಅಲ್ಲಿನ ಅಜ್ಜನ ಬಗ್ಗೆ ಅವ್ವ ನಮಗೆ ಹೇಳಿದ್ದು ಎರಡೇ ಮಾತು: ಕಬ್ಬಿನ ಗದ್ದೆ ಇತ್ತು, ಕುಡೀತಿದ್ದ. ಅವಳಿಗೆ ಹದಿನೇಳಾಗಿದ್ದಾಗ ಟಿ.ಬಿ. ಡ್ಯಾಂನಲ್ಲಿ ಪೇಂಟರ್ ಕೆಲಸದ ಬಸಪ್ಪ ಎಂಬ ವರ ಅವಳನ್ನು ನೋಡಲು ಬಂದ. ಹುಡುಗಿಗೆ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಅಂತ ವರನ ಕಡೆಯವರು ಕೇಳುತ್ತಿದ್ದರೆ, ಹುಡುಗಿ ಬಾಗಿಲ ಸಂದಿಯಿಂದ ತನ್ನ ಸೋದರತ್ತೆಯ ಕಿವಿಯಲ್ಲಿ ಏನೋ ಹೇಳಿದಳಂತೆ. ಅತ್ತೆ ಗಂಟಲು ಸರಿಮಾಡಿಕೊಂಡು, "ಹುಡುಗ ಒಂದಿಷ್ಟು ಬಾಗಿಲ ಹತ್ರ ಬಂದು ಹಾ ಅನ್ನಬೇಕಂತ್ರಿ" ಅಂದಳಂತೆ. ಹುಡುಗ ಬಂದು ಹಾ ಅಂದ. ಜೀವಮಾನದಲ್ಲಿ ಮುಟ್ಟುವುದಿಲ್ಲ ಅಂತ ವಿಭೂತಿ ಹಿಡಿದು ಮಾತೂ ಕೊಟ್ಟ. ಆಮೇಲೆ ಮದುವೆ.

ಪೇಂಟರ್ ಬಸಪ್ಪ ಅಂದರೆ ನಮ್ಮ ಅಪ್ಪ. ಅವನು ಹೋಗಿ ಹದಿನಾರು ವರ್ಷವಾಯಿತು. ಡ್ಯಾಮಿನ ಗೇಟುಗಳಿಗೆ ಬಣ್ಣ ಬಳಿಯುವುದು ಅವನ ಕೆಲಸ. ಬೇಸಿಗೆಯಲ್ಲಿ ನೀರು ಇಳಿದು ಗೇಟಿನ ಮೈ ಕಂಡಾಗ ಹಗ್ಗ ಕಟ್ಟಿದ ಹಲಗೆಯ ಮೇಲೆ ಕೂತು ಮೇಲಿನಿಂದ ಇಳಿಯುತ್ತಿದ್ದ. ಮೊದಲು ತುಕ್ಕು ಕೆರೆದು, ಆಮೇಲೆ ಕೆಂಪು ಬಳಿದು, ಅದರ ಮೇಲೆ ಬೆಳ್ಳಿ ಬಣ್ಣ. ಸಂಜೆ ಡ್ಯಾಮಿನ ಕ್ವಾರ್ಟರ್ಸಿನ ನಮ್ಮ ಮನೆಗೆ ಬಂದಾಗ ಅವನ ಕಣ್ಣಿನ ರೆಪ್ಪೆಯಲ್ಲೂ ಬೆಳ್ಳಿ ಇರುತ್ತಿತ್ತು. ನಮ್ಮಪ್ಪ ಒಂದು ದಿನ ಪೂರ್ತಿ ಬೆಳ್ಳಿ ಆಗುತ್ತಾನೆ ಅಂತ ನಾನು ಎರಡನೇ ಇಯತ್ತೆಯವರೆಗೆ ನಂಬಿದ್ದೆ. ಬಣ್ಣ ಒರೆಸುವ ನೂಲಿನ ಉಂಡೆಗೆ, ಅವರ ಮಾತಿನಲ್ಲಿ ವೇಸ್ಟಿಗೆ, ಟರ್ಪೆಂಟೈನ್ ಸುರಿದುಕೊಂಡು ಕೈ, ಮುಖ, ಕುತ್ತಿಗೆ ಒರೆಸಿಕೊಂಡು ಬರುತ್ತಿದ್ದ. ಆ ಘಾಟು ವಾಸನೆಯೇ ನನಗೆ ಅಪ್ಪ. ರಾತ್ರಿ ನಿದ್ದೆಗಣ್ಣಿನಲ್ಲಿ ಪಕ್ಕದಲ್ಲಿ ಯಾರು ಮಲಗಿದ್ದಾರೆ ಅಂತ ಮೂಗಿನಿಂದಲೇ ತಿಳಿಯುತ್ತಿತ್ತು.

ಅಪ್ಪನೂ ದಿನಾ ಬಾಗಿಲಲ್ಲಿ ನಿಂತು ಹಾ ಅನ್ನುತ್ತಿದ್ದ. ದಿನಾ ಪಾಸಾಗುತ್ತಿದ್ದ. ಇಡೀ ಕ್ವಾರ್ಟರ್ಸಿನಲ್ಲಿ ಹೆಂಗಸರು ತಮ್ಮ ಗಂಡಂದಿರಿಗೆ ನಮ್ಮಪ್ಪನನ್ನು ತೋರಿಸಿ ಬೈಯುತ್ತಿದ್ದರು. ಯಾರ ಮನೆಯಲ್ಲಿ ಕುಡಿದು ಗಲಾಟೆಯಾದರೂ ಬುದ್ಧಿ ಹೇಳಲು ಪೇಂಟರ್ ಬಸಪ್ಪನನ್ನೇ ಕರೆಯುತ್ತಿದ್ದರು. ಅವನು ಹೋಗಿ, ಕೈ ಕಟ್ಟಿ ನಿಂತು, ತಗ್ಗಿದ ದನಿಯಲ್ಲಿ ಎರಡು ಮಾತು ಹೇಳಿ ಬರುತ್ತಿದ್ದ. ನಾನು ಅವನ ಬೆರಳು ಹಿಡಿದು ಜೊತೆಗೆ ಹೋಗಿ, ನಾನೇ ಬುದ್ಧಿ ಹೇಳಿದವನ ಹಾಗೆ ಎದೆ ಸೆಟೆಸಿಕೊಂಡು ವಾಪಸು ಬರುತ್ತಿದ್ದೆ.

ಆ ಎದೆ ಮುಂದೆ ಇಳಿಯಲೇ ಇಲ್ಲ. 'ನಮ್ಮಪ್ಪ ಒಂದು ಹನಿ ಮುಟ್ಟಿದವನಲ್ಲ' ಅನ್ನುವುದನ್ನು ನಾನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಒಮ್ಮೆ ಸ್ಮಶಾನದಲ್ಲಿ ಕೂಡ ಹೇಳಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಹುಲುಗಪ್ಪನಿಗೆ. ಅವನು ಕ್ವಾರ್ಟರ್ಸಿನ ಪಕ್ಕದ ಮನೆಯವನು, ನನ್ನ ಜೊತೆ ಗೋಲಿ ಆಡಿ ಬೆಳೆದವನು. ಅವನ ಅಪ್ಪ ಮಾರೆಪ್ಪ ಗೇಟಿನ ಯಂತ್ರಗಳಿಗೆ ಗ್ರೀಸ್ ಹಾಕುವವನು, ಓಣಿಗೆಲ್ಲ ಕುಡುಕ ಅಂತ ಹೆಸರಾದವನು. ಹುಲುಗಪ್ಪ ಮುಂದೆ ಸಂಡೂರಿನ ಮೈನಿಂಗ್‌ನಲ್ಲಿ ಡಂಪರ್ ಓಡಿಸಿ, ರಿಟೈರಾಗಿ ಅಲ್ಲೇ ಮನೆ ಕಟ್ಟಿಕೊಂಡ. ಆಗೀಗ ಒಂದು ಗ್ಲಾಸು ಏರಿಸುತ್ತಾನೆ. ಅವನು ಏರಿಸಿದಾಗಲೆಲ್ಲ ನಾನು, "ಲೇ ಹುಲುಗ, ನಮ್ಮಪ್ಪನ್ನ ನೋಡಿ ಕಲಿಬೇಕಿತ್ತಲೇ" ಅನ್ನುತ್ತಿದ್ದೆ. ಅವನು, "ಹೌದಪ್ಪಾ, ಖರೇ" ಅಂದು ಸುಮ್ಮನಾಗುತ್ತಿದ್ದ. ನಲವತ್ತು ವರ್ಷ ಹಾಗೇ ಸುಮ್ಮನಾಗುತ್ತ ಬಂದ.

ಈಗ ಬೀರಿಗೆ ಬರೋಣ.

ಹುಲುಗಪ್ಪನ ಮಗಳು ಪಂಪಾ. ರಸಾಯನಶಾಸ್ತ್ರವೋ ಜೀವಶಾಸ್ತ್ರವೋ, ಎರಡೂ ಕೂಡಿದ್ದೋ ಓದಿ, ಬೆಂಗಳೂರಿನ ಒಂದು ಸಣ್ಣ ಬೀರು ಕಾರ್ಖಾನೆಯಲ್ಲಿ ಬೀರು ಮಾಡುವ ಕೆಲಸ ಹಿಡಿದಿದ್ದಾಳೆ. ಹುಲುಗಪ್ಪನಿಗೆ ಮೊದಮೊದಲು ಇದನ್ನು ಜನರಿಗೆ ಹೇಳಲು ನಾಚಿಕೆ. 'ಜ್ಯೂಸ್ ಫ್ಯಾಕ್ಟರಿ' ಅನ್ನುತ್ತಿದ್ದ. ಹೋದ ತಿಂಗಳು ಆ ಹುಡುಗಿ ನನಗೆ ಫೋನ್ ಮಾಡಿ, "ಈರೇಶಿ ಮಾಮ, ಶನಿವಾರ ಸಂಡೂರಿಗೆ ಬರ್ತೀನಿ. ನೀವೂ ಬರಬೇಕು. ನನ್ನ ಬೀರಿಗೆ ಕನ್ನಡದಾಗ ಎರಡು ಸಾಲು ಬರದು ಕೊಡ್ರಿ" ಅಂದಳು.

ವಿಷಯ ಇಷ್ಟು. ಅವಳು ತನ್ನ ಸ್ವಂತ ತಲೆಯಿಂದ ಹೊಸ ಬೀರು ಮಾಡಿದ್ದಾಳೆ. ಪೈನ್ ಮರದ ಎಳೆಯ ಸೂಜಿ ಎಲೆಗಳನ್ನು ಹಾಕಿ ಕುದಿಸಿದ ಬೀರು. ಅವಳ ಮೇಲಿನವರು, ಇದು ಜನಕ್ಕೆ ಹಿಡಿಸುವುದಿಲ್ಲ ಅನ್ನುತ್ತಿದ್ದಾರೆ. ಕುಡಿದರೆ ಏನು ನೆನಪಾಗುತ್ತದೆ ಅಂತ ಬಾಟಲಿಯ ಚೀಟಿಯ ಮೇಲೆ ಎರಡು ಸಾಲು ಬರೆದು ತೋರಿಸು, ಆಮೇಲೆ ನೋಡೋಣ ಅಂದಿದ್ದಾರೆ.

"ನಾನು ಕುಡಿಯಂಗಿಲ್ಲವ್ವ," ಅಂದೆ.

"ಕುಡೀಬ್ಯಾಡ್ರಿ ಮಾಮ. ಬಾಯಾಗ ಇಟ್ಟುಕೊಂಡು ಉಗುಳ್ರಿ. ಕಲ್ಲಿನ ಮುಂದ ನಿಂತು ಮಂದಿ ಕಣ್ಣಾಗ ನೀರು ಬರೋ ಹಂಗ ಮಾತಾಡ್ತೀರಿ. ನನ್ನ ಬೀರಿಗೆ ಎರಡು ಸಾಲು ಆಗಂಗಿಲ್ಲೇನು?"

ಹೊಗಳಿದರೆ ನಾನು ಬಾವಿಗೂ ಬೀಳುತ್ತೇನೆ, ಆಳ ಎಷ್ಟು ಅಂತ ಕೂಡ ಕೇಳುವುದಿಲ್ಲ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಗಾದಿಗನೂರಿನ ಹತ್ತಿರ ಅದಿರಿನ ಲಾರಿಗಳ ಹಿಂದೆ ಬಸ್ಸು ಸಿಕ್ಕಿಕೊಂಡು ನಿಂತಿತು. ಕಿಟಕಿಯ ಆಚೆ ಕೆಂಪು ಧೂಳು, ಧೂಳಿನ ಆಚೆ ಬಳ್ಳಾರಿ ಜಾಲಿ. ಸೂಜಿ ಎಲೆ ಅಂದರೆ ಏನು ಅಂತ ಯೋಚಿಸುತ್ತ ಕೂತೆ. ಎಂಟನೇ ಇಯತ್ತೆಯ ಭೂಗೋಳದಲ್ಲಿ 'ಸೂಚಿಪರ್ಣಿ ಕಾಡುಗಳು' ಅಂತ ಒಂದು ಪಾಠವಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಒಂದರ ಮೇಲೊಂದು ಮೂರು ತ್ರಿಕೋನ ಬರೆದು, ಇದೇ ಮರ, ವರ್ಷವಿಡೀ ಹಸಿರು, ಮೇಲೆ ಹಿಮ ಬೀಳುತ್ತದೆ ಅಂದರು. ಹಿಮ ಹೇಗಿರುತ್ತದೆ ಸಾರ್ ಅಂತ ಹುಲುಗಪ್ಪ ಕೇಳಿದ. ಮೇಷ್ಟ್ರು ಅವನ ತಲೆಯ ಮೇಲೆ ಸೀಮೆಸುಣ್ಣದ ಡಸ್ಟರ್ ಕೊಡವಿ, ಹೀಗೆ ಅಂದರು. ನಮ್ಮ ಕಡೆ ಗಿಡದಲ್ಲಿ ಸೂಜಿ ಇರುವುದು ಕಾಲಿಗೆ ಚುಚ್ಚಲು ಮಾತ್ರ. ಅದನ್ನು ಕಿತ್ತು ಕುದಿಸಿ ಕುಡಿಯಬೇಕು ಅಂತ ನಮ್ಮ ಹಿರಿಯರಿಗೆ ಎಂಥ ಬರದಲ್ಲೂ ಹೊಳೆದಿರಲಿಲ್ಲ.

ಹುಲುಗಪ್ಪನ ಮನೆಯ ಅಂಗಳದ ಬೇವಿನ ಮರದ ಕೆಳಗೆ ಮೂರು ಕುರ್ಚಿ ಹಾಕಿದ್ದರು. ಪಂಪಾ ಐಸ್ ತುಂಬಿದ ಡಬ್ಬಿಯಿಂದ ಎರಡು ಬಾಟಲಿ ತೆಗೆದಳು. ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಒಂದನ್ನು ತೆಗೆದು ಗ್ಲಾಸಿಗೆ ಬಗ್ಗಿಸಿದಳು. ಬಂಗಾರದ ಬಣ್ಣ, ಮೇಲೆ ನೊರೆ. ನೋಡಲು ಒಳ್ಳೆಯ ಕಬ್ಬಿನ ಹಾಲಿನ ಹಾಗೇ ಇತ್ತು, ಅದೇ ಮೋಸ.

"ಮೊದಲು ಮೂಸ್ರಿ ಮಾಮ. ಆಮ್ಯಾಲ ಒಂದು ಗುಟುಕು. ಆಮ್ಯಾಲ ಅಲ್ಲಿ ಉಗುಳ್ರಿ," ಎಂದು ತುಳಸಿ ಗಿಡದ ಬುಡ ತೋರಿಸಿದಳು.

"ತುಳಸಿಗೆ ಬೀರು ಉಗುಳೂ ಅಂತೀಯೇನವ್ವ!"

"ಹಂಗಾರ ಕರಿಬೇವಿಗೆ ಉಗುಳ್ರಿ."

ನಾನು ಮೂಸಿದೆ. ಗುಟುಕು ಬಾಯಿಗೆ ತೆಗೆದುಕೊಂಡೆ. ಕಹಿ, ಅದರ ಹಿಂದೆಯೇ ಮೂಗಿನೊಳಗೆ ಏನೋ ತಣ್ಣಗೆ ಏರಿ ಹೋಯಿತು. ಕರಿಬೇವಿನ ಗಿಡ ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕುವಷ್ಟರಲ್ಲಿ ಅದು ತಾನಾಗಿ ಗಂಟಲು ಇಳಿದುಬಿಟ್ಟಿತು. ಅರವತ್ತು ವರ್ಷದ ಮಡಿ ಹೀಗೆ ಗಿಡ ಹುಡುಕುವ ಗಡಿಬಿಡಿಯಲ್ಲಿ ಹೋಯಿತು.

"ಹೆಂಗೈತಿ?" ಅಂದಳು ಪಂಪಾ. ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

"ಫಿನಾಯಿಲ್ ಇದ್ದಂಗೈತಲ್ಲವ್ವ."

ಹುಡುಗಿಯ ಮುಖ ಸಣ್ಣದಾಯಿತು. ಏನು ಮಾಡಲಿ, ಮೊದಲು ನೆನಪಾದದ್ದು ಅದೇ. ಪೈನ್ ಎಂದರೆ ಹಿಮ, ಬೆಟ್ಟ, ಕೌದಿ ಹೊದ್ದ ಊರು ನೆನಪಾಗುವವರು ಯಾರೋ ಪುಣ್ಯವಂತರು. ನಮಗೆ ಆ ವಾಸನೆ ಬಂದಿರುವುದು ಬಸ್ ಸ್ಟ್ಯಾಂಡಿನ ಮೂಲೆಯಿಂದ, ಟಾಕೀಸಿನ ಇಂಟರ್ವಲ್ಲಿನಿಂದ, ಆಸ್ಪತ್ರೆಯ ವರಾಂಡದಿಂದ. ಇದನ್ನೇ ಎರಡು ಸಾಲು ಮಾಡಿ ಬರೆದುಕೊಟ್ಟರೆ ಅವಳ ಕೆಲಸವೇ ಹೋಗುತ್ತದೆ.

ತಪ್ಪು ಸರಿಮಾಡಲು ಎರಡನೇ ಗುಟುಕು ಕುಡಿದೆ. ಇದಕ್ಕೆ ನನ್ನ ಹತ್ತಿರ ನೆಪ ಇಲ್ಲ, ಕೇಳಬೇಡಿ. ಈ ಸಲ ನಿಧಾನವಾಗಿ ಕುಡಿದು, ಉಸಿರು ಮೂಗಿನಿಂದ ಬಿಟ್ಟೆ. ಬಿಟ್ಟವನು ಹಾಗೇ ಕೂತೆ.

ಕ್ವಾರ್ಟರ್ಸಿನ ಬಾಗಿಲು ಕಂಡಿತು. ಅಪ್ಪ ಅಲ್ಲಿ ನಿಂತಿದ್ದ. ರೆಪ್ಪೆಯ ಮೇಲೆ ಬೆಳ್ಳಿ. ಅವ್ವನ ಮುಂದೆ ಬಗ್ಗಿ ಹಾ ಅನ್ನುತ್ತಿದ್ದ. ಆಮೇಲೆ ನನ್ನನ್ನು ಎತ್ತಿಕೊಂಡು ನಗುತ್ತಿದ್ದ. ಅವನು ನಕ್ಕಾಗ ಬರುತ್ತಿದ್ದ ಉಸಿರು, ಇದೇ. ಪ್ರತಿದಿನದ್ದಲ್ಲ. ಮರುದಿನ ರಜೆ ಅಂತ ನನ್ನನ್ನು ಹೆಗಲಿಗೇರಿಸಿಕೊಂಡು ಕುಣಿಯುವ ದಿನದ್ದು.

"ಲೇ ಹುಲುಗ," ಅಂದೆ, "ಇದು ನಮ್ಮಪ್ಪನ ವಾಸನಿಲೇ."

"ಟರ್ಪೆಂಟೈನ್ ಇರಬೇಕು ಮಾಮ," ಅಂದಳು ಪಂಪಾ. "ಅದನ್ನೂ ಪೈನ್ ಮರದ ಅಂಟಿನಿಂದಾನ ತೆಗೀತಾರ. ಎರಡೂ ಒಂದ ಮನಿತನ."

"ಟರ್ಪೆಂಟ್ ಅರ್ಧ ಆತವ್ವ. ಉಳಿದರ್ಧ?"

ಹುಲುಗಪ್ಪ ಮೊದಲು ಕೆಮ್ಮಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ. ನಾನು ನಗದೆ ಇರುವುದನ್ನು ನೋಡಿ ತಾನೂ ನಿಲ್ಲಿಸಿದ.

"ಬ್ಯಾಡಲೇ ಈರೇಶಿ. ಹೋದವರು ಹೋದ್ರು."

"ಹೇಳು."

"ನಮ್ಮಪ್ಪ, ನಿಮ್ಮಪ್ಪ, ಇಬ್ಬರೂ ಪೇಂಟ್ ಶೆಡ್ಡಿನ ಹಿಂದ ಕುಂದ್ರತಿದ್ರು. ಶನಿವಾರಕ್ಕೊಮ್ಮಿ. ಇಬ್ಬರ ನಡುವ ಒಂದ ಬೀರ್ ಬಾಟ್ಲಿ. ಅರ್ಧ ಅರ್ಧ. ಅದಕ್ಕಿಂತ ಹನಿ ಹೆಚ್ಚಿಲ್ಲ, ಹನಿ ಕಡಿಮಿಲ್ಲ. ನಾನ ಕಣ್ಣಾರೆ ನೋಡೀನಿ."

"ಮತ್ತ ಓಣಿ ಮಂದಿ ನಿಮ್ಮಪ್ಪಗಷ್ಟ ಕುಡುಕ ಅಂತಿದ್ರಲ್ಲ?"

"ನಮ್ಮಪ್ಪ ಗ್ರೀಸಿನವನು. ಗ್ರೀಸ್ ಏನೂ ಮುಚ್ಚಂಗಿಲ್ಲ. ಮನಿಗೆ ಬಂದ ಕೂಡ್ಲೇ ಸಿಕ್ಕಿ ಬೀಳತಿದ್ದ. ನಿಮ್ಮಪ್ಪ ಅಂಗಿಗೊಂದಿಷ್ಟು ಟರ್ಪೆಂಟ್ ಹಚ್ಚಿಕೊಂಡು, ಉಸಿರಿಗೂ ಅದ ವಾಸನಿ ಹತ್ತಲಿ ಅಂತ ವೇಸ್ಟಿಗೆ ಹಾಕಿ ಮೂಗಿಗೆ ಹಿಡಿದು ಎಳಕೊಂಡು ಬರ್ತಿದ್ದ. ಅದ ಅರ್ಧ ಬಾಟ್ಲಿಗೆ ಒಬ್ಬ ಕುಡುಕ ಆದ, ಒಬ್ಬ ಸ್ವಾಮಿ ಆದ. ನಿಮ್ಮಪ್ಪ ಒಂದು ಶನಿವಾರ ನಮ್ಮನಿಗೆ ಬಂದು ನಮ್ಮಪ್ಪಗ ಬುದ್ಧೀನೂ ಹೇಳಿದ, ನೆನಪೈತೇನು? ನೀನೂ ಬಂದಿದ್ದಿ, ಬೆರಳು ಹಿಡಕೊಂಡು."

ನೆನಪಿತ್ತು. ಅಪ್ಪ ಕೈ ಕಟ್ಟಿ ನಿಂತು ಬುದ್ಧಿ ಹೇಳುತ್ತಿದ್ದ. ಮಾರೆಪ್ಪ ತಲೆ ತಗ್ಗಿಸಿ, ಭುಜ ಅಲುಗಾಡಿಸುತ್ತ ಕೂತಿದ್ದ. ಪಶ್ಚಾತ್ತಾಪದಿಂದ ಅಳುತ್ತಿದ್ದಾನೆ ಅಂತ ನಾನು ಐವತ್ತು ವರ್ಷ ಅಂದುಕೊಂಡಿದ್ದೆ.

"ನಲವತ್ತು ವರ್ಷ ನಿನಗ ನಾನು ಉಪದೇಶ ಮಾಡೀನಲ್ಲಲೇ," ಅಂದೆ. "ಒಮ್ಮಿನೂ ಯಾಕ ಹೇಳಲಿಲ್ಲ?"

"ನಮ್ಮಪ್ಪ ಆಣಿ ಹಾಕಿಸಿದ್ದ. ನನ್ನ ಹೆಸರು ಹೆಂಗೂ ಹೋಗೈತಿ, ಒಬ್ಬರ ಮನಿಯಾಗರ ಸಂಜಿ ಹೊತ್ತು ಶಾಂತಿ ಇರಲಿ ಬಿಡು, ಅಂದಿದ್ದ."

ನನಗೆ ನಾಚಿಕೆಯಾಯಿತು. ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬಂದದ್ದು ನನ್ನ ಸೆಟೆದ ಎದೆಯ ಮೇಲೆ. ಹುಲುಗಪ್ಪನ ಕೈ ಹಿಡಿದು ಏನೋ ಹೇಳಲು ಹೋದೆ. ಅವನು, "ಏ, ಬಿಡಲೇ, ಬೀರ್ ಬಿಸಿ ಆಗತೈತಿ" ಅಂದ. ಉಳಿದದ್ದನ್ನು ಇಬ್ಬರೂ ಅರ್ಧ ಅರ್ಧ ಮಾಡಿ ಮುಗಿಸಿದೆವು. ಪಂಪಾ ಎರಡನೇ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. "ಫಿನಾಯಿಲ್ ಬಿಟ್ಟು ಬ್ಯಾರೆ ಏನರ ಬರೀರಿ ಮಾಮ. ನನ್ನ ಮರ್ಯಾದಿ ಪ್ರಶ್ನೆ."

ವಾಪಸು ಬರುವ ಬಸ್ಸಿನಲ್ಲಿ ಕೂತಾಗಲೇ ನನಗೆ ಹೊಳೆದದ್ದು: ಸಂಜೆ ಕಟ್ಟೆಯ ಮೇಲೆ ಅವ್ವ ಇರುತ್ತಾಳೆ.

ಹೆದರಿಕೆ ಬರೀ ನನ್ನ ಬಗ್ಗೆ ಆಗಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ಈ ವಾಸನೆ ಮೂಸಿದರೆ ಅವಳಿಗೂ ಅಪ್ಪನೇ ನೆನಪಾಗುತ್ತಾನೆ. ನಾನು ಎರಡು ಗುಟುಕಿಗೆ ಕಂಡುಹಿಡಿದದ್ದನ್ನು ಆ ಮೂಗು ಅರ್ಧ ಉಸಿರಿಗೆ ಕಂಡುಹಿಡಿಯುತ್ತದೆ. ವಿಭೂತಿ ಹಿಡಿದು ಮಾತು ಕೊಟ್ಟ ಗಂಡ, ಅವಳು ಓಣಿಗೆಲ್ಲ ಮೆರೆಸಿದ ಗಂಡ, ಸತ್ತು ಹದಿನಾರು ವರ್ಷದ ಮೇಲೆ ನನ್ನ ಬಾಯಿಂದ ಸಿಕ್ಕಿಬೀಳುತ್ತಾನೆ. ಎಂಬತ್ತಾರರಲ್ಲಿ ಆ ಜೀವಕ್ಕೆ ಅದು ಬೇಕೇ?

ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ವಗ್ಗರಣಿ ಮಿರ್ಚಿ ತಿಂದೆ. ಎರಡು ಹಸಿ ಈರುಳ್ಳಿ ತಿಂದೆ. ಸೋಂಪು, ಲವಂಗ, ಎಲೆ ಅಡಿಕೆ, ಆಮೇಲೆ ಒಂದು ಪುದೀನಾ ಗುಳಿಗೆ. ಅಂಗೈಗೆ ಹಾ ಅಂದು ನಾನೇ ಮೂಸಿ ನೋಡಿದೆ. ಮಿರ್ಚಿ, ಈರುಳ್ಳಿ, ಲವಂಗ ಎಲ್ಲ ಸರಿದು ನಿಂತು ಅಪ್ಪನಿಗೆ ದಾರಿ ಬಿಟ್ಟಿದ್ದವು. ಕೊನೆಗೆ ಏನು ಮಾಡಿದೆ ಗೊತ್ತೇ? ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಸಣ್ಣ ಬಾಟಲಿ ಟರ್ಪೆಂಟೈನ್ ಕೊಂಡೆ. "ಏನು ಗುರುಗಳ, ಹಂಪಿಗೆ ಬಣ್ಣ ಹೊಡೀತೀರೇನು?" ಅಂದ ಅಂಗಡಿಯವ. ಅಂಗಡಿಯ ಪಕ್ಕದ ಸಂದಿಯಲ್ಲಿ ನಿಂತು ಕಾಲರಿಗೆ, ಕುತ್ತಿಗೆಗೆ ಹಚ್ಚಿಕೊಂಡೆ. ವಂಶದ ವಿದ್ಯೆ ಕೈಗೆ ತಾನಾಗಿ ಬಂತು. ಮಲಪನಗುಡಿಯ ಆಟೋದಲ್ಲಿ ಪಕ್ಕದವರೆಲ್ಲ ಮೂಗು ಮುಚ್ಚಿಕೊಂಡರು.

ಅವ್ವ ಕಟ್ಟೆಯ ಮೇಲೆ ಇದ್ದಳು. ಆಗಷ್ಟೇ ದೀಪ ಹಚ್ಚಿದ್ದರು. ನಾನು ಕಾಲು ತೊಳೆದು ಎದುರಿಗೆ ನಿಂತೆ. ಮನೆ ಬಣ್ಣಕ್ಕೆ ಟರ್ಪೆಂಟೈನ್ ತಂದೆ, ಅಂಗಿಯ ಮೇಲೆ ಚೆಲ್ಲಿತು ಅನ್ನುವ ಕತೆ ತಯಾರಿತ್ತು.

"ಹಾ ಅನ್ನು."

ಅಂದೆ. ಅವ್ವ 'ಒಳಗ ನಡಿ' ಅನ್ನಲಿಲ್ಲ. ಕೈ ಮುಂದೆ ಮಾಡಿ ನನ್ನ ಕಾಲರ್ ಹಿಡಿದಳು.

"ಟರ್ಪೆಂಟ್ ಅಂಗಿ ಮ್ಯಾಲೈತಿ," ಅಂದಳು. "ಬಾಯಾಗ ಬ್ಯಾರೆ ಐತಿ."

"ಅವ್ವ, ಅದು... ಹುಲುಗಪ್ಪನ ಮಗಳು..."

"ನಿಮ್ಮಪ್ಪನೂ ಇಲ್ಲೇ ಹಚ್ಚಿಕೋತಿದ್ದ. ಕಾಲರಿನ ಮೂಲ್ಯಾಗ."

ಮನೆ ಬಣ್ಣದ ಕತೆಯನ್ನು ಅಲ್ಲಿಗೇ ಬಿಟ್ಟೆ. "ನಿನಗ ಗೊತ್ತಿತ್ತೇನು?"

"ಅಂಗಿ ಒಗಿಯಾಕಿ ಯಾರು? ಮೊದಲನೇ ಶನಿವಾರನ ಗೊತ್ತಾತು."

"ಮತ್ತ ಸುಮ್ಮನ ಯಾಕಿದ್ದಿ? ಮದುವಿ ಮುಂಚೆ ಮಾತು ತಗೊಂಡಿದ್ದಿ."

ಅವ್ವ ಕಾಲರ್ ಬಿಡಲಿಲ್ಲ.

"ಕಂಪ್ಲ್ಯಾಗ ನಮ್ಮಪ್ಪ ಬರೋ ಹೊತ್ತಿಗೆ ನಾವು ಅಂಜತಿದ್ವಿ. ಹೆಜ್ಜಿ ಸಪ್ಪಳ ಕೇಳಿದ್ರ ಸಾಕು, ನಮ್ಮವ್ವ ನಮ್ಮನ್ನ ನೆಲ್ಲಿನ ಚೀಲದ ಹಿಂದ ಕುಂದ್ರಸತಿದ್ಲು. ಎಲ್ಲಾ ಕುಡುದ ಗಂಡಸ್ರೂ ಹಂಗ ಅಂತ ತಿಳಕೊಂಡಿದ್ದೆ. ನಿಮ್ಮಪ್ಪ ಆ ಶನಿವಾರ ಬಂದು ಬಾಗಿಲದಾಗ ನಿಂತ ನೋಡು, ಅವನ ಮೊಣಕಾಲು ಥರಥರ ನಡುಗತಿದ್ವು. ಕುಡುದು ಬಂದವನೇ ಅಂಜೋದನ್ನ ನಾನು ಅವತ್ತ ಮೊದಲು ನೋಡಿದ್ದು. ಇವನ ಜೋಡಿ ಬಾಳೇ ಮಾಡಬಹುದು ಅನಿಸ್ತು."

"ಮತ್ತ ದಿನಾ ಹಾ ಅನ್ನಿಸ್ತಿದ್ದಿಯಲ್ಲ?"

"ಬಿಟ್ಟಿದ್ರ, ನನಗ ಗೊತ್ತಾ‌ಗೈತಿ ಅಂತ ತಿಳೀತಿದ್ದ. ಪಾಪ." ಅವ್ವ ನಕ್ಕಳು. ಬಾಯಲ್ಲಿ ಹಲ್ಲಿಲ್ಲ, ಆದರೂ ಅದು ಹದಿನೇಳರ ಹುಡುಗಿಯ ನಗು. "ಅಲ್ಲದ, ಆವಾಗ ಮಂದಿ ಮುಂದ ಗಂಡ ಹೆಂಡತಿ ಹತ್ತಿರ ನಿಲ್ಲೋ ಹಂಗ ಇದ್ದಿಲ್ಲೋ. ಹಾ ಅನ್ನಾಕ ನಿಂತ್ರ ಯಾರೂ ಏನೂ ಅಂತಿದ್ದಿಲ್ಲ."

ನನಗೆ ಅಳು ಬಂತು. ಅರವತ್ತು ವರ್ಷದ ಗಂಡಸು ಮಿರ್ಚಿ, ಬೀರು, ಟರ್ಪೆಂಟೈನ್ ನಾರುತ್ತ ಕಟ್ಟೆಯ ಮುಂದೆ ನಿಂತು ಅಳುವುದು ಚೆಂದವಲ್ಲ ಅಂತ ಗೊತ್ತಿದ್ದರೂ ಅತ್ತೆ. ಇಡೀ ಓಣಿಗೆ ಗೊತ್ತಾಗದ ಹಾಗೆ ಅವನು ಮುಚ್ಚಿಟ್ಟ, ಅವನಿಗೇ ಗೊತ್ತಾಗದ ಹಾಗೆ ಇವಳು ಮುಚ್ಚಿಟ್ಟಳು. ನಾನೊಬ್ಬ ನಡುವೆ ಡಂಗುರ ಹೊಡೆದುಕೊಂಡು ತಿರುಗಿದೆ.

"ಮಾರೆಪ್ಪಗ ಅನ್ಯಾಯ ಆತು," ಅಂದಳು ಅವ್ವ. "ನಾನರ ಅವನ ಹೆಂಡತಿಗೆ ಒಂದು ಮಾತು ಹೇಳಬೇಕಿತ್ತು. ಹೇಳಿದ್ರ ನಿಮ್ಮಪ್ಪನ ಗುಟ್ಟು ಹೋಗತಿತ್ತು. ನಾಳೆ ಹುಲುಗಪ್ಪನ್ನ ಊಟಕ್ಕ ಕರಿ. ಅವನು ಹಾ ಅನ್ನೋದು ಬ್ಯಾಡ. ಸೀದಾ ಒಳಗ ಬರಲಿ."

"ಆತವ್ವ."

"ಚೀಲದಾಗ ಏನೈತಿ? ಕೊಡು."

ಕೊಟ್ಟೆ. ಅವ್ವ ಕುಡಿಯಲಿಲ್ಲ, ಮತ್ತೆ ನೀವು ಓಣಿಯಲ್ಲಿ ಹಾಗೆ ಹೇಳಿಕೊಂಡು ತಿರುಗಬೇಡಿ. ನನ್ನಿಂದ ಮುಚ್ಚಳ ತೆಗೆಸಿ, ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ನನ್ನ ಕಾಲರ್ ಎಳೆದು, ಇನ್ನೊಮ್ಮೆ ಹಾ ಅನ್ನು ಅಂದಳು. ಅಂದೆ. ಅವಳು ಎಷ್ಟು ಹೊತ್ತಾದರೂ ಒಳಗ ನಡಿ ಅನ್ನಲಿಲ್ಲ. ನಾನೂ ನಡೆಯಲಿಲ್ಲ.

ಮರುದಿನ ಹುಲುಗಪ್ಪ ಬಂದ. ಬಾಟಲಿಯ ಬೀರನ್ನು ಅವನೇ ಕುಡಿದು ಪುಣ್ಯ ಕಟ್ಟಿಕೊಂಡ. ಖಾಲಿ ಬಾಟಲಿಯನ್ನು ಎಸೆಯಲು ಹೋದ ನನ್ನ ಹೆಂಡತಿಯ ಕೈಯಿಂದ ಅವ್ವ ಇಸಿದುಕೊಂಡು ಕಿಟಕಿಯಲ್ಲಿ ಇಡಿಸಿದಳು. ಸಂಜೆ ಕಟ್ಟೆಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಾಳೆ. ಅದಾಗಿ ಇಪ್ಪತ್ತು ದಿನವಾಯಿತು. ಎಷ್ಟು ಗಟ್ಟಿ ಮುಚ್ಚಳ ಹಾಕಿದರೂ ಖಾಲಿ ಬಾಟಲಿಯಲ್ಲಿ ವಾಸನೆ ಎಷ್ಟು ದಿನ ನಿಲ್ಲುತ್ತದೆ?

ಇವತ್ತು ಬೆಳಿಗ್ಗೆ ಪಂಪಾ ಮತ್ತೆ ಫೋನ್ ಮಾಡಿದ್ದಳು.

"ಮಾಮ, ಎರಡು ಸಾಲು ಆತೇನ್ರಿ? ಮ್ಯಾಲಿನವರು ಕೇಳಾಕತ್ಯಾರ."

"ಬರದು ಭಾಳ ಉದ್ದ ಆಗೇತವ್ವ. ಬಾಟ್ಲಿ ಮ್ಯಾಲ ಹಿಡಿಯಂಗಿಲ್ಲ. ಸಣ್ಣದು ಮಾಡಿ ಕಳಿಸ್ತೀನಿ. ನೀನು ಅದಕ್ಕಿಂತ ಮುಂಚೆ ಇನ್ನೆರಡು ಬಾಟ್ಲಿ ಕಳಿಸು."

"ಯಾಕ್ರಿ, ಫಿನಾಯಿಲ್ ರುಚಿ ಹತ್ತಿತೇನು?"

"ನನಗಲ್ಲವ್ವ, ಅವ್ವಗ," ಅಂದೆ. "ಜಲ್ದಿ ಕಳಿಸು. ಶನಿವಾರದೊಳಗ ಮುಟ್ಟಬೇಕು."